ಅಪ್ಪೆ ಅಂದರೆ ಅಮ್ಮ

ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ. ಘಟ್ಟದ ಮೇಲಿನ ಗೆಳೆಯರಿಗೆ ಎಷ್ಟು ಸಲ ಹೇಳಿದರೂ ಈ ಗಲಿಬಿಲಿ ಹೋಗುವುದಿಲ್ಲ. ನನ್ನ ಚಿತ್ರಗಳ ಫೈಲಿನ ಮೇಲೆ 'ಅಪ್ಪೆ' ಅಂತ ಬರೆದದ್ದು ನೋಡಿ ಒಬ್ಬರು, "ಇದರಲ್ಲಿ ಅಪ್ಪ ಒಂದು ಹಾಳೆಯಲ್ಲೂ ಇಲ್ವಲ್ಲ" ಅಂದಿದ್ದರು.

ಫೈಲಿನಲ್ಲಿ ಈಗ 43 ಹಾಳೆಗಳಿವೆ. ಎಲ್ಲವೂ ಅಮ್ಮನ ಮುಖ. ಅವರಿಗೆ 81 ವರ್ಷ. ನಾನು ಉಡುಪಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟರ್. ಭಾನುವಾರ ಬೆಳಿಗ್ಗೆ ಗಂಜಿ ಊಟ ಆದ ಮೇಲೆ ಅಮ್ಮ ಜಗಲಿಯಲ್ಲಿ ಕೂರುತ್ತಾರೆ, ನಾನು ಎದುರು ಇದ್ದಿಲು ಹಿಡಿದು ಕೂರುತ್ತೇನೆ. ಮಳೆಗಾಲದಲ್ಲಿ ಕಾಗದವೆಲ್ಲ ಒದ್ದೆ ಬಟ್ಟೆಯ ಹಾಗೆ ಜೋಲುತ್ತದೆ. ಬೂಸ್ಟು ಬಾರದಿರಲಿ ಅಂತ ಕಪಾಟಿನೊಳಗೆ ಒಂದು ಬಲ್ಬು ಉರಿಸಿಟ್ಟಿದ್ದೇನೆ.

ಮೊದಲ ಹತ್ತು ಚಿತ್ರ ಯಾರಿಗೂ ತೋರಿಸುವ ಹಾಗಿಲ್ಲ. ಸುಕ್ಕು ಕಡಿಮೆ ಮಾಡಿದ್ದೆ, ಕೆನ್ನೆ ತುಂಬಿಸಿದ್ದೆ, ಜೋತ ಕಿವಿಯ ತೂತನ್ನು ಮುಚ್ಚಿ ಬೆಂಡೋಲೆ ತೊಡಿಸಿದ್ದೆ. ಆ ಓಲೆ ಮಾರಿ ಎಷ್ಟೋ ವರ್ಷ ಆಯಿತು. ಅಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಉಂದು ಏರ್ ಮಗಾ?" ಅಂದರು. ಇದು ಯಾರು ಅಂತ. ತಮಾಷೆಗೆ ಕೇಳಿದ್ದಲ್ಲ. ಪೊರೆ ತೆಗೆಸಿದ ಮೇಲೆ ಅವರ ಕಣ್ಣು ನನ್ನದಕ್ಕಿಂತ ಚುರುಕು.

ಆಮೇಲೆ ಚಿತ್ರಕಾರ ಹೆಬ್ಬಾರರ ಹುಚ್ಚು ಹಿಡಿಯಿತು. ಕೆ.ಕೆ. ಹೆಬ್ಬಾರ್ ಹುಟ್ಟಿದ್ದು 1911ರಲ್ಲಿ, ಇಲ್ಲೇ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ. ಅವರ ಗೆರೆ ನೋಡಿ ಬೆಳೆದ ನಮ್ಮಂಥ ಮಾಸ್ಟರುಗಳಿಗೆಲ್ಲ, ಕೈ ಎತ್ತದೆ ಒಂದೇ ಗೆರೆಯಲ್ಲಿ ಮುಖ ಮುಗಿಸಬೇಕು ಅಂತ ಆಸೆ. ಅಮ್ಮನ ಮುಖ ಅದಕ್ಕೆ ಒಗ್ಗಲಿಲ್ಲ. ನನ್ನ ಗೆರೆ ಬಾಯಿಯ ಹತ್ತಿರ ಬಂದು ನಿಂತುಬಿಡುತ್ತಿತ್ತು. ಹಲ್ಲಿಲ್ಲದ ತುಟಿ ಒಳಗೆ ಹೋಗಿರುತ್ತದೆ, ಅಲ್ಲಿ ಎಳೆಯಲಿಕ್ಕೆ ಅಂಚೇ ಇಲ್ಲ.

ಒಂದು ದಿನ ಫೋನಿನಲ್ಲಿ ಜರ್ಮನಿಯ ಚಿತ್ರಕಾರ ಡ್ಯೂರರ್ ಬರೆದ ತನ್ನ ತಾಯಿಯ ಚಿತ್ರವನ್ನು ಅಮ್ಮನಿಗೆ ತೋರಿಸಿದೆ. 1514ರ ಮಾರ್ಚಿನದು, ಅದೂ ಇದ್ದಿಲಿನದೇ. ಕತ್ತಿನ ನರ ಎದ್ದಿವೆ, ಒಂದು ಕಣ್ಣು ಎತ್ತಲೋ ಹೋಗಿದೆ. ಮಗ ಏನನ್ನೂ ಮುಚ್ಚಿಲ್ಲ. ಇದು ಆಲ್ಬ್ರೆಕ್ಟ್ ಡ್ಯೂರರನ ತಾಯಿ, 63 ವರ್ಷ ಅಂತ ಅದರ ಮೇಲೆಯೇ ಬರೆದಿದ್ದಾನೆ. ಎರಡು ತಿಂಗಳಲ್ಲಿ ಆಕೆ ತೀರಿಕೊಂಡಳು. ಅದನ್ನೂ ಅದೇ ಹಾಳೆಯಲ್ಲಿ ಶಾಯಿಯಿಂದ ಸೇರಿಸಿದ. ಈ ಕೊನೆಯದನ್ನು ನಾನು ಅಮ್ಮನಿಗೆ ಹೇಳಲಿಲ್ಲ. ಹದಿನೆಂಟು ಹೆತ್ತವಳು ಅಂತ ಮಾತ್ರ ಹೇಳಿದೆ.

"ಹದಿನೆಂಟಾ!" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಉಳಿದದ್ದೆಷ್ಟು?"

"ಮೂರು."

ಅಮ್ಮ ಆರು ಹೆತ್ತವರು. ನಾವಿರುವುದು ನಾಲ್ವರು. ಫೋನನ್ನು ಇನ್ನೊಮ್ಮೆ ಇಸಕೊಂಡು, ಆ ಹೆಂಗಸಿನ ಮುಖವನ್ನು ತುಂಬಾ ಹೊತ್ತು ನೋಡಿದರು. "ಇವಳು ಇದ್ದ ಹಾಗೇ ಇದ್ದಾಳೆ" ಅಂದರು. ನನ್ನ ಯಾವ ಚಿತ್ರಕ್ಕೂ ಸಿಗದ ಸರ್ಟಿಫಿಕೇಟ್ ಅದು. ಹೊಟ್ಟೆಕಿಚ್ಚಾಯಿತು ಅಂದರೆ ಸುಳ್ಳಲ್ಲ.

ಆಮೇಲಿನ ಹಾಳೆಗಳಲ್ಲಿ ಓಲೆ ಇಲ್ಲ, ತೂತು ಇದೆ. ಅಮ್ಮ ಈಗ ಯಾರು ಅಂತ ಕೇಳುವುದಿಲ್ಲ. ಬೇರೆಯೇ ತಕರಾರು ತೆಗೆದಿದ್ದಾರೆ. "ಕೈ ಎಲ್ಲಿ?"

ಕೈ ನಾನು ಬೇಕೆಂದೇ ಬಿಟ್ಟದ್ದು. ಅಮ್ಮ ನಲವತ್ತು ವರ್ಷ ಬೀಡಿ ಕಟ್ಟಿದವರು. ನಮ್ಮ ಫೀಸು, ಯೂನಿಫಾರ್ಮು, ನನ್ನ ಮೊದಲ ಬಣ್ಣದ ಪೆಟ್ಟಿಗೆ, ಎಲ್ಲ ಬಂದದ್ದು ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟ ಬೀಡಿಯಿಂದ. ಎಲೆ, ಹೊಗೆಸೊಪ್ಪು ಮನೆಯಿಂದ ಹೋಗಿ ಎಷ್ಟೋ ವರ್ಷ ಆಯಿತು, ಬೆರಳಿಗೆ ಮಾತ್ರ ಗೊತ್ತಾಗಿಲ್ಲ. ಸುಮ್ನೆ ಕೂತರೆ ಸೀರೆಯ ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತವೆ, ಉಗುರಿನಿಂದ ಬಾಯಿ ಮಡಚುತ್ತವೆ, ಬಿಡುತ್ತವೆ, ಮತ್ತೆ ಸುತ್ತುತ್ತವೆ. ನಿಲ್ಲಿಸಿ ಅಂದರೆ, "ನಾನೇನು ಮಾಡಿದೆ?" ಅಂತಾರೆ.

ಈಗ ಕೈಯನ್ನೇ ಬರೆಯುತ್ತಿದ್ದೇನೆ. ಏಳು ಹಾಳೆ ಹರಿದು ಹಾಕಿದೆ. ಹೋದ ಭಾನುವಾರ ಬಲಗೈ ಹೆಬ್ಬೆರಳು, ಉಗುರಿನ ಸವೆದ ಅಂಚಿನ ಸಮೇತ, ಸರಿಯಾಗಿ ಕೂತಿತು. ಉಳಿದ ನಾಲ್ಕು ಇನ್ನೂ ಕೈಗೆ ಸಿಕ್ಕಿಲ್ಲ.