‘ಅದೆಲ್ಲ ಆಗೋ ಮಾತಾ?’ ಎಂದು ಕೇಳುವವರಿಗೆ

ಫ್ರಾಂಕ್ ಹರ್ಬರ್ಟ್ ಬರೆದು 1965ರಲ್ಲಿ ಪ್ರಕಟವಾದ ‘ಡ್ಯೂನ್’ ನಾನು ಮತ್ತೆ ಮತ್ತೆ ಓದುವ ವಿಜ್ಞಾನ ಕಾದಂಬರಿ ಎಂದು ಕೋಲಾರದಲ್ಲಿ ಯಾರ ಮುಂದೆ ಹೇಳಿದರೂ ತಿರುಗಿ ಬರುವ ಪ್ರಶ್ನೆ ಒಂದೇ: ‘ಅದೆಲ್ಲ ಆಗೋ ಮಾತಾ?’ ಸಹೋದ್ಯೋಗಿಗಳು ಕೇಳಿದ್ದಾರೆ, ನೆಂಟರು ಕೇಳಿದ್ದಾರೆ, ಬಂಗಾರಪೇಟೆಯ ರೈಲಿನಲ್ಲಿ ಪಕ್ಕಕ್ಕೆ ಕೂತು ಮುಖಪುಟ ಇಣುಕಿದವರೂ ಕೇಳಿದ್ದಾರೆ. ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನು ಕಳಿಸುವುದೆಂದು ತೀರ್ಮಾನಿಸಿದ್ದೇನೆ. ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಓದದವರಿಗಾಗಿ ಎರಡು ಮಾತು. ಅರಾಕಿಸ್ ಎಂಬುದೊಂದು ಮಳೆಯಿಲ್ಲದ ಗ್ರಹ. ಇಡೀ ಸಾಮ್ರಾಜ್ಯಕ್ಕೆ ಬೇಕಾದ ‘ಸ್ಪೈಸ್’ ಎಂಬ ದ್ರವ್ಯ ಅಲ್ಲಿನ ಮರಳಿನಲ್ಲಿ ಮಾತ್ರ ಸಿಗುತ್ತದೆ, ಅದರ ಮೂಲ ಮರಳಿನೊಳಗೆ ಓಡಾಡುವ ದೈತ್ಯ ಹುಳುಗಳಲ್ಲಿದೆ. ಹೊರಗಿನಿಂದ ಬಂದ ರಾಜಮನೆತನಗಳು ಆ ಸರಕಿಗಾಗಿ ಕಾದಾಡುತ್ತಿದ್ದರೆ, ಅಲ್ಲಿಯೇ ಹುಟ್ಟಿ ಬೆಳೆದ ಫ್ರೆಮೆನ್ ಜನ ಬಂಡೆಗಳ ಗುಹೆಗಳಲ್ಲಿ ಹನಿಹನಿಗೂ ಲೆಕ್ಕವಿಟ್ಟು ಬದುಕುತ್ತಾರೆ. ಹುಳು ಸಾಕಿ ಮಕ್ಕಳನ್ನು ಓದಿಸಿದ ರೇಷ್ಮೆ ಸೀಮೆಯವರಿಗೆ ಬೆಲೆಬಾಳುವ ಸರಕು ಹುಳುವಿನಿಂದ ಬರುವುದಾದರೂ ವಿಚಿತ್ರವೆನಿಸಬಾರದು, ಆದರೆ ಅವರೇ ಎಲ್ಲರಿಗಿಂತ ಹೆಚ್ಚು ನಗುತ್ತಾರೆ.

ಕೇಳಿದ್ದಕ್ಕೆ ನೇರ ಉತ್ತರ: ಇಲ್ಲ, ಅದರಲ್ಲಿ ಬಹುಪಾಲು ಆಗುವುದಿಲ್ಲ. ಫ್ರೆಮೆನ್ನರು ತೊಡುವ ಉಡುಪನ್ನೇ ನೋಡಿ. ಬೆವರು, ಮೂತ್ರ, ಉಸಿರಿನ ತೇವ ಎಲ್ಲವನ್ನೂ ಹಿಡಿದು ಸೋಸಿ, ಕುಡಿಯುವ ನೀರನ್ನಾಗಿಸಿ ಕೊಡುವ ಆ ಉಡುಪನ್ನು ಮರುಭೂಮಿಯ ಬಿಸಿಲಿನಲ್ಲಿ ತೊಟ್ಟವನು ಬೆಂದು ಹೋಗುತ್ತಾನೆ. ಬೆವರು ಆವಿಯಾಗುವಾಗ ಮೈಯ ಶಾಖವನ್ನು ಹೊತ್ತೊಯ್ಯುವುದರಿಂದಲೇ ನಾವು ತಣ್ಣಗಾಗುವುದು; ಆ ಆವಿಯನ್ನು ಉಡುಪಿನೊಳಗೇ ಮತ್ತೆ ನೀರಾಗಿಸಿದರೆ ಹೊತ್ತೊಯ್ದ ಶಾಖವೂ ಅಲ್ಲಿಯೇ ಬಿಡುಗಡೆಯಾಗುತ್ತದೆ. ಸಮಾಧಾನವಾಯಿತೇ? ಇಷ್ಟು ಹೇಳಿದರೆ ಕೇಳಿದವರು ಗೆದ್ದವರಂತೆ ಎದ್ದು ಹೋಗುತ್ತಾರೆ, ನನ್ನ ಸಿಟ್ಟಿರುವುದು ಅಲ್ಲಿಯೇ.

ನಮ್ಮ ಸಂಬಂಧದ ಭಾವ ಒಬ್ಬರಿದ್ದಾರೆ. ಗೃಹಪ್ರವೇಶವೊಂದರ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆ ಅವರದಾಗಿತ್ತು. ‘ಹುಳ, ಮರಳು, ಉಚ್ಚೆ ಸೋಸಿ ಕುಡಿಯೋ ಬಟ್ಟೆ. ಇದರಾಗೆ ಸೈನ್ಸ್ ಎಲ್ಲಮ್ಮಾ ಐತೆ?’ ಎಂದು ಅರ್ಧ ಪಂಕ್ತಿಗೆ ಕೇಳಿಸುವಂತೆ ಕೇಳಿದರು. ಹೀಗೆ ಕೇಳಿದ ಭಾವ ಸ್ವಲ್ಪ ದಿನದ ಹಿಂದಷ್ಟೇ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರಿಂದ ಪಾಯಿಂಟ್ ಮಾಡಿಸಿ, ಕಾಯಿ ಎದ್ದು ನಿಂತ ಜಾಗದಲ್ಲಿ ಸಾವಿರದ ನಾನೂರು ಅಡಿ ಬೋರ್‌ವೆಲ್ ಕೊರೆಸಿ, ಬರೀ ಧೂಳು ಬಂದ ಮೇಲೆ ಲಾರಿಯವರಿಗೆ ದುಡ್ಡು ಎಣಿಸಿದ್ದರು. ಮುಂದಿನ ಪಾಯಿಂಟನ್ನೂ ಅದೇ ತೆಂಗಿನಕಾಯಿಯಿಂದ ನೋಡಿಸುವುದೆಂದು ಅವರು ಆಗಲೇ ನಿರ್ಧರಿಸಿಯಾಗಿತ್ತು. ಒಬ್ಬಟ್ಟಿನ ಮೇಲೆ ತುಪ್ಪ ಬೀಳುವ ಹೊತ್ತಿನಲ್ಲಿ ಜಗಳ ಬೇಡವೆಂದು ನಾನು ಬಾಯಿ ಬಿಡಲಿಲ್ಲ. ಆದರೆ ಪಂಕ್ತಿ ಎದ್ದ ಮೇಲೆ ಪ್ರತಿ ಎಲೆಯ ಪಕ್ಕದಲ್ಲೂ ಎರಡು ಗುಟುಕು ಕುಡಿದು ಬಿಟ್ಟ ಪುಟ್ಟ ನೀರಿನ ಬಾಟಲಿಗಳು ಸಾಲಾಗಿ ನಿಂತಿದ್ದವು, ಬಡಿಸುವ ಹುಡುಗರು ಅವನ್ನೆಲ್ಲ ಎಲೆಗಳ ಜೊತೆಗೇ ಚೀಲಕ್ಕೆ ತುಂಬಿದರು.

ಅರಾಕಿಸ್‌ನಲ್ಲಿಯೂ ಒಂದು ಔತಣವಿದೆ. ಶ್ರೀಮಂತ ಅತಿಥಿಗಳು ಬಾಗಿಲಲ್ಲಿ ಕೈ ತೊಳೆದು, ಬೇಕೆಂದೇ ನೀರನ್ನು ನೆಲಕ್ಕೆ ಚೆಲ್ಲಿ, ಒರೆಸಿದ ಬಟ್ಟೆಯನ್ನು ಅದರ ಮೇಲೆ ಎಸೆದು ಒಳಗೆ ಹೋಗುವುದು ಅಲ್ಲಿನ ಸಂಪ್ರದಾಯ. ಆ ಬಟ್ಟೆ ಹಿಂಡಿದ ನೀರಿಗಾಗಿ ಹೊರಗೆ ಭಿಕ್ಷುಕರು ಕಾಯುತ್ತಾರೆ. ಅರಮನೆಯ ಅಂಗಳದಲ್ಲಿ 20 ಖರ್ಜೂರದ ಮರಗಳಿವೆ. ಮರವೊಂದಕ್ಕೆ ದಿನಕ್ಕೆ 40 ಲೀಟರ್ ನೀರು, ಮನುಷ್ಯನಿಗೆ 8 ಲೀಟರ್. ಹಾಗಾಗಿ ಬೇಲಿಯಾಚೆಯಿಂದ ನೋಡುವವರ ಕಣ್ಣಿಗೆ ಅವು ಮರಗಳಲ್ಲ, 100 ಜನ. ಭಾವ ಕೇಳಿದ ಸೈನ್ಸ್ ನನಗೆ ಕಾಣುವುದು ಈ ಗುಣಾಕಾರದಲ್ಲಿ. ನಮ್ಮ ಜಿಲ್ಲೆಯಲ್ಲಿ ದಶಕಗಳ ಕಾಲ ನೀಲಗಿರಿ ನೆಟ್ಟವರು, ನೆಡಿಸಿದವರು ಇಂಥದ್ದೊಂದು ಲೆಕ್ಕವನ್ನು ಮೊದಲೇ ಹಾಕಿದ್ದರೆ, 2017ರಲ್ಲಿ ಸರ್ಕಾರ ಹೊಸ ನೆಡುತೋಪುಗಳನ್ನು ನಿಷೇಧಿಸುವವರೆಗೆ ಕಾಯಬೇಕಿರಲಿಲ್ಲ.

ಇನ್ನು ಮೂತ್ರದ ವಿಷಯ. ಎಲ್ಲರೂ ಮೂಗು ಮುಚ್ಚಿಕೊಳ್ಳುವುದು ಇಲ್ಲಿಯೇ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಯಾತ್ರಿಗಳ ಮೂತ್ರ, ಬೆವರು, ಉಸಿರಿನ ತೇವಗಳಿಂದ ನೀರನ್ನು ಮರಳಿ ಪಡೆಯುವ ಪ್ರಮಾಣ ಶೇ. 98ಕ್ಕೆ ಮುಟ್ಟಿತೆಂದು ನಾಸಾ 2023ರಲ್ಲಿ ಪ್ರಕಟಿಸಿತು. ಅಷ್ಟು ಎತ್ತರಕ್ಕೆ ಹೋಗುವುದೂ ಬೇಡ. 2018ರಲ್ಲಿ ಲಕ್ಷ್ಮೀಸಾಗರದ ಕೆರೆಗೆ ಹರಿದು ಬಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ನೀರು ಯಾವುದು? ಬೆಂಗಳೂರಿನವರ ಬಚ್ಚಲು, ಶೌಚಾಲಯಗಳಿಂದ ಹೊರಟು, ಎರಡು ಹಂತದ ಸಂಸ್ಕರಣೆಯಾಗಿ, ದಿನಕ್ಕೆ 44 ಕೋಟಿ ಲೀಟರಿನಂತೆ ನಮ್ಮ ಕೆರೆಗಳನ್ನು ತುಂಬಿಸಲೆಂದು ಯೋಜಿಸಿದ ನೀರು. ನೊರೆ ಬಂದದ್ದು, ಹೈಕೋರ್ಟಿಗೆ ಹೋದದ್ದು, ಮೂರನೆಯ ಹಂತದ ಸಂಸ್ಕರಣೆ ಬೇಕೆಂದು ಹೋರಾಟಗಾರರು ಕೂಗಿದ್ದು, ಬತ್ತಿದ ಬಾವಿಗಳಲ್ಲಿ ನೀರು ಕಂಡು ರೈತರು ಹಿಗ್ಗಿದ್ದು, ಎಲ್ಲವೂ ನಮ್ಮ ಕಣ್ಣೆದುರೇ ನಡೆಯಿತು. ಒಂದು ಮಹಾನಗರ ಬಳಸಿ ಬಿಟ್ಟ ನೀರನ್ನು ಸೋಸಿ ಪಡೆಯುತ್ತಿರುವ ಜಿಲ್ಲೆಯವರು ನನ್ನನ್ನು ಹಿಡಿದು ಆ ಉಡುಪು ಸಾಧ್ಯವೇ ಎಂದು ಕೇಳುತ್ತಾರೆ.

ಹರ್ಬರ್ಟನಿಗೆ ಈ ಕಥೆಯ ಬೀಜ ಸಿಕ್ಕಿದ್ದು ನಕ್ಷತ್ರಗಳಲ್ಲಲ್ಲ. ಅಮೆರಿಕದ ಓರೆಗಾನ್ ಕರಾವಳಿಯ ಫ್ಲಾರೆನ್ಸ್ ಎಂಬ ಊರಿನ ಬಳಿ ಸರಿದಾಡುವ ಮರಳ ದಿಬ್ಬಗಳನ್ನು ಕೃಷಿ ಇಲಾಖೆ ಹುಲ್ಲು ನೆಟ್ಟು ಕಟ್ಟಿಹಾಕುತ್ತಿತ್ತು. ಅದರ ಬಗ್ಗೆ ಲೇಖನ ಬರೆಯಲು ಹೋದವನು ಲೇಖನವನ್ನು ಕೈಬಿಟ್ಟು ಕಾದಂಬರಿಯತ್ತ ಹೊರಳಿದ. ಪುಸ್ತಕದ ಅರ್ಪಣೆ ಇರುವುದು ಒಣಭೂಮಿಯ ಪರಿಸರ ವಿಜ್ಞಾನಿಗಳಿಗೆ, ಅವರು ಎಲ್ಲಿಯೇ ಇರಲಿ, ಯಾವ ಕಾಲದವರೇ ಆಗಿರಲಿ. ಹೊಳೆಯಿಲ್ಲದ ಊರಿನಲ್ಲಿ ಕೂತು ಆ ಪುಟ ಓದಿದಾಗ ಅದು ನಮ್ಮ ಕಡೆಗೇ ನೋಡುತ್ತಿದೆ ಎಂದು ನನಗೆ ಅನ್ನಿಸಿದರೆ ಅದರಲ್ಲಿ ನಗುವಂಥದ್ದೇನೂ ಇಲ್ಲ.

ಇಷ್ಟು ಕೇಳುವ ಬದಲು, ಆ ಪುಸ್ತಕದಲ್ಲಿ ನಿನಗೇ ನಂಬಲಾಗದ್ದು ಯಾವುದು ಎಂದು ಯಾರಾದರೂ ಕೇಳಿದ್ದರೆ ಸಂತೋಷದಿಂದ ಹೇಳುತ್ತಿದ್ದೆ. ಹುಳುಗಳನ್ನು ನಾನು ಸಲೀಸಾಗಿ ನಂಬಿದೆ. ನಂಬಲಾಗದ್ದು ಫ್ರೆಮೆನ್ನರ ಗುಪ್ತ ಜಲಾಶಯ. ಬಂಡೆಯೊಳಗಿನ ಒಂದು ಕೊಳದಲ್ಲಿ ಸುಮಾರು 38 ಕೋಟಿ ಲೀಟರ್ ನೀರಿದೆ, ಅಂದರೆ ಕೆ.ಸಿ. ವ್ಯಾಲಿಯ ಒಂದು ದಿನದ ಪ್ರಮಾಣಕ್ಕಿಂತಲೂ ಕಡಿಮೆ. ನೀರಿಲ್ಲದೆ ಒದ್ದಾಡುವವನು ಅಲ್ಲಿಗೆ ಬಂದರೂ ಒಂದು ಹನಿ ಮುಟ್ಟುವುದಿಲ್ಲವಂತೆ! ನಮ್ಮಲ್ಲಿ ಕೆರೆಯ ನೀರು ಅಂತರ್ಜಲಕ್ಕೆ ಇಳಿಯಲಿ, ಯಾರೂ ನೇರವಾಗಿ ಪಂಪ್ ಇಟ್ಟು ಎತ್ತಬಾರದು ಎಂಬ ನಿಯಮವಿದೆ. ಕತ್ತಲಾದ ಮೇಲೆ ಆ ನಿಯಮದ ಗತಿಯೇನೆಂದು ಕಾಲುವೆ ಪಕ್ಕದ ಊರಿನವರನ್ನು ಕೇಳಿ.

ಅದಕ್ಕಿಂತಲೂ ನಂಬಲಾಗದ್ದು ಕೈನ್ಸ್ ಎಂಬ ಗ್ರಹವಿಜ್ಞಾನಿಯ ಮಾತು. ಈ ಮರುಭೂಮಿ ಹಸಿರಾಗಲು ಎಷ್ಟು ಕಾಲ ಬೇಕು ಎಂದು ಜನ ಕೇಳಿದಾಗ ಅವನು 300ರಿಂದ 500 ವರ್ಷ ಎನ್ನುತ್ತಾನೆ. ಜನ ಎದ್ದು ಹೋಗುವುದಿಲ್ಲ, ಕೆಲಸಕ್ಕೆ ತೊಡಗುತ್ತಾರೆ. ಶಾಶ್ವತ ನೀರಾವರಿ ಎಂಬ ಮಾತನ್ನು ಪ್ರತಿ ಚುನಾವಣೆಯಲ್ಲೂ ಕೇಳಿ ಬೆಳೆದವಳು ನಾನು. ಪಶ್ಚಿಮ ಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆಗೆ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆಯಾದದ್ದು 2014ರಲ್ಲಿ, ಅತ್ತ ಸಕಲೇಶಪುರದಲ್ಲಿ ಮೊದಲ ಹಂತ ಉದ್ಘಾಟನೆಯಾದದ್ದು 2024ರಲ್ಲಿ. ‘ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗದು’ ಎಂದು ವೇದಿಕೆಯ ಮೇಲೆ ಒಪ್ಪಿಕೊಂಡ ಒಬ್ಬನನ್ನೂ ನಾನು ಈವರೆಗೆ ಕಂಡಿಲ್ಲ. ಕಾದಂಬರಿಯ ಕೊನೆಗೆ, ತಲೆಮಾರುಗಳಿಂದ ಹನಿ ಕೂಡಿಸಿದ ಅದೇ ಜನ ತಮ್ಮ ಲೆಕ್ಕವನ್ನು ಬದಿಗಿಟ್ಟು, ಹೊರಗಿನಿಂದ ಬಂದ ಒಬ್ಬ ರಾಜಕುಮಾರನ ಹಿಂದೆ ಯುದ್ಧಕ್ಕೆ ಹೊರಡುತ್ತಾರೆ. ಆ ಭಾಗವನ್ನು ನಂಬಲು ಮಾತ್ರ ನನಗೆ ಕ್ಷಣವೂ ಬೇಕಾಗಲಿಲ್ಲ.