ಪರೀಕ್ಷೆಗೆ ಕಳಿಸಿದ ನೀರು

ಬ್ಯೂರೆಟ್ಟಿನಿಂದ ಒಂದೂವರೆ ಮಿಲಿಲೀಟರ್ ಕೂಡ ಇಳಿದಿರಲಿಲ್ಲ, ಫ್ಲಾಸ್ಕಿನಲ್ಲಿದ್ದ ದ್ರಾಕ್ಷಿ ಬಣ್ಣದ ನೀರು ನೀಲಿಯಾಗಿಬಿಟ್ಟಿತು. ಸೋಮವಾರ ಮಧ್ಯಾಹ್ನದ ಲ್ಯಾಬು, ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿದ ಸುಣ್ಣದಂಥ ಲವಣ ಎಷ್ಟೆಂದು, ಅಳೆಯುವ ಪ್ರಯೋಗ. 50 ಮಿಲಿಲೀಟರ್ ನೀರಿಗೆ ಬ್ಯೂರೆಟ್ಟಿನ ಇಡಿಟಿಎ ದ್ರಾವಣ ಎಷ್ಟು ಮಿಲಿಲೀಟರ್ ಹಿಡಿಯಿತೋ ಅದನ್ನು 20ರಿಂದ ಗುಣಿಸಿದರೆ ಮುಗಿಯಿತು. ಹಿಡಿದದ್ದು 1.4. ಅಂದರೆ ಲೀಟರಿಗೆ 28 ಮಿಲಿಗ್ರಾಂ.

ಪಾವಗಡ ತಾಲ್ಲೂಕಿನ ನಮ್ಮ ಮನೆಯ ಬೋರ್‌ವೆಲ್ ನೀರಿಗೆ 28! ಹಂಡೆಯ ಒಳಗೆ ಸುಣ್ಣದ ಪದರ ಕಟ್ಟುವ ನೀರು ಅದು. ಬೇಳೆ ಬೇಯಬೇಕಾದರೆ ಕುಕ್ಕರ್ ಎಂಟು ಸಲ ಕೂಗಬೇಕು. ಸೋಪು ಸವೆಯುತ್ತದೆಯೇ ಹೊರತು ನೊರೆ ಬರುವುದಿಲ್ಲ. ನನ್ನ ಬ್ಯಾಚಿನವಳು ಅಷ್ಟರಲ್ಲಿ 28 ಎಂದು ಬರೆದು ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಾಗಿತ್ತು. ಅವಳದು ಮುತ್ತಿನಂಥ ಅಕ್ಷರ. ಅದಕ್ಕೇ ಅವಳು ಬರೆದದ್ದನ್ನು ಯಾರೂ ಅನುಮಾನಿಸುವುದಿಲ್ಲ. ಇನ್ನೆರಡು ಸಲ ಮಾಡಿದೆ. 1.4, 1.5. ತಪ್ಪು ನನ್ನ ಕೈಯದಲ್ಲ ಎಂದು ಖಾತ್ರಿಯಾದ ಮೇಲೆ ಸಂಜೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತು ಮನೆಗೆ ಫೋನು ಮಾಡಿದೆ.

"ಅಮ್ಮ, ಬಾಟಲಿಗೆ ನೀನು ತುಂಬಿಸಿಕೊಟ್ಟದ್ದು ಯಾವ ನೀರು?"

"ಫಿಲ್ಟರ್ ನೀರು."

"ನಾನು ಬೋರ್ ನೀರು ಕೇಳಿದ್ದೆನಲ್ಲ?"

"ಪರೀಕ್ಷೆಗೆ ಎಂದು ನೀನೇ ಹೇಳಿದೆಯಲ್ಲೇ. ಪರೀಕ್ಷೆಗೆ ಯಾರಾದರೂ ಕೆಟ್ಟ ನೀರು ಕಳಿಸುತ್ತಾರೆಯೇ?"

ಫಿಲ್ಟರ್ ನೀರು ಎಂದರೆ ಊರ ಮುಂದಿನ ಶುದ್ಧ ಕುಡಿಯುವ ನೀರಿನ ಘಟಕದ್ದು. ಐದು ರೂಪಾಯಿಯ ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ, ಅದೂ ಯಂತ್ರ ಕೆಟ್ಟಿರದಿದ್ದರೆ. ನಮ್ಮ ಮನೆಯಲ್ಲಿ ಆ ನೀರು ಅಣ್ಣನ ಮಕ್ಕಳಿಗೆ ಮತ್ತು ನೆಂಟರಿಗೆ. ಆ ಸಾಲಿಗೆ ನನ್ನ ಕಾಲೇಜನ್ನೂ ಅಮ್ಮ ಸೇರಿಸಿಬಿಟ್ಟಿದ್ದಳು. ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು, ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿದು, ಸೆರಗಿನಲ್ಲಿ ಮೈ ಒರೆಸಿ ನನ್ನ ಚೀಲದಲ್ಲಿ ಇಟ್ಟಿದ್ದಳು. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಯನ್ನು ಕೂರಿಸುವ ಮುನ್ನ ಮಾಡುವ ಉಪಚಾರವೆಲ್ಲ ಆ ಬಾಟಲಿಗೆ ಆಗಿತ್ತು.

ಮೊದಲು ನಕ್ಕೆ. ರೂಮಿನವರಿಗೆಲ್ಲ ಹೇಳಿ ನಗಿಸಿದೆ. ಮಾದರಿ ಸಂಗ್ರಹದ ಬಗ್ಗೆ ಪಠ್ಯದಲ್ಲಿ ಒಂದಿಡೀ ಭಾಗ ಇದೆ: ಪಂಪು ಕೆಲವು ನಿಮಿಷ ಓಡಿದ ಮೇಲೆಯೇ ನೀರು ಹಿಡಿಯಬೇಕು, ಬಾಟಲಿಯ ಮೇಲೆ ಸ್ಥಳ, ದಿನ, ಹೊತ್ತು ಬರೆಯಬೇಕು, ಫ್ಲೋರೈಡ್ ನೋಡುವುದಾದರೆ ಗಾಜಿನ ಬಾಟಲಿಗಿಂತ ಪ್ಲಾಸ್ಟಿಕ್ಕಿನದು ಲೇಸು. ಮನೆಯ ಮಾನ ಕಾಯುವ ತಾಯಿಯ ಕೈಗೆ ಬಾಟಲಿ ಕೊಡಬಾರದು ಎಂದು ಮಾತ್ರ ಎಲ್ಲೂ ಇಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಆ ಮಾತು ಮತ್ತೆ ಬಂತು. ಪರೀಕ್ಷೆಗೆ ಯಾರಾದರೂ ಕೆಟ್ಟ ನೀರು ಕಳಿಸುತ್ತಾರೆಯೇ? ಈ ಸಲ ನಗು ಬರಲಿಲ್ಲ, ಏಕೆಂದರೆ ನಾನು ನೋಡಿದವರು ಯಾರೂ ಕಳಿಸಿಲ್ಲ.

ಕಳೆದ ವರ್ಷದ ಇಂಟರ್ನ್‌ಶಿಪ್ ನೆನಪಾಯಿತು. ನಗರದ ಹೊರವಲಯದ ಅಪಾರ್ಟ್‌ಮೆಂಟ್ ಸೈಟು, ನಾಲ್ಕನೆಯ ಮಹಡಿಯ ಸ್ಲ್ಯಾಬಿಗೆ ಕಾಂಕ್ರೀಟು ಬೀಳುತ್ತಿತ್ತು. ಲ್ಯಾಬಿನಲ್ಲಿ ಒಡೆದು ಬಲ ನೋಡುವ ಕಾಂಕ್ರೀಟಿನ ಕ್ಯೂಬು ತುಂಬಿಸುವ ಕೆಲಸ ನನ್ನದು. ಎಣ್ಣೆ ಸವರಿದ, 150 ಮಿಲಿಮೀಟರ್ ಅಳತೆಯ ಕಬ್ಬಿಣದ ಅಚ್ಚುಗಳನ್ನು ಸಾಲಾಗಿ ಇಟ್ಟುಕೊಂಡು ಮಿಕ್ಸರ್ ಕಡೆ ಹೊರಟೆ. ಮೇಸ್ತ್ರಿ ತಡೆದರು. "ಅದಲ್ಲ ಮೇಡಂ, ನಿಮ್ಮದು ಇಲ್ಲಿದೆ" ಎಂದು ಬದಿಯಲ್ಲಿದ್ದ ಬಾಂಡಲಿ ತೋರಿಸಿದರು. ಒಂದು ಬೊಗಸೆ ಸಿಮೆಂಟು ಹೆಚ್ಚು ಬಿದ್ದಿದೆ ಎಂಬುದು ಅದರ ಕಪ್ಪು ಮಿರುಗಿನಲ್ಲೇ ಗೊತ್ತಾಗುತ್ತಿತ್ತು. ನಾನು ಮುಖ ನೋಡಿದ್ದಕ್ಕೆ ಅವರು, "ಲ್ಯಾಬಿಗೆ ಹೋಗುವ ಮಾಲು, ನಮ್ಮ ಮರ್ಯಾದೆ ಉಳಿಸಬೇಕಲ್ಲ" ಎಂದರು. ಕಾಂಕ್ರೀಟಿನ ಪ್ರತಿ ಬ್ಯಾಚಿಗೂ ಪರೀಕ್ಷೆಗೆ ಸಿಕ್ಕುವ ಸಂಭವ ಇರುವಂತೆ ಮಾದರಿ ತೆಗೆಯಬೇಕೆಂದು ಕಾಂಕ್ರೀಟು ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಹಿಂದಿನ ಸೆಮಿಸ್ಟರಿನಲ್ಲಿ ನಾನೇ ಅದನ್ನು ಬರೆದು ಅಂಕ ಪಡೆದಿದ್ದೆ. ಆದರೂ ಬಾಂಡಲಿಯದನ್ನೇ ತುಂಬಿಸಿದೆ. 28 ದಿನ ನೀರಿನಲ್ಲಿ ನೆನೆದ ಆ ಕ್ಯೂಬು, ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡಕ್ಕೆ ನಿಂತರೆ ಸಾಕಾಗಿದ್ದದ್ದು, 38ರವರೆಗೆ ತಡೆದುಕೊಂಡಿತು. ಸ್ಲ್ಯಾಬಿಗೆ ಹೋದ ಕಾಂಕ್ರೀಟು ಎಷ್ಟಕ್ಕೆ ಒಡೆಯುತ್ತಿತ್ತೋ, ಅದನ್ನು ಯಾರೂ ಒಡೆದು ನೋಡುವುದಿಲ್ಲ. ಆ ಮೇಸ್ತ್ರಿ ಕೆಟ್ಟವರೇನಲ್ಲ. ಬಿಸಿಲಿನಲ್ಲಿ ನಿಂತಿದ್ದಕ್ಕೆ ಬೈದು ಟೋಪಿ ಕೊಟ್ಟವರು. ನನಗೆ ಕೋಪ ಬಂದದ್ದು ಅಲ್ಲಿ ಸುಮ್ಮನಿದ್ದ ಸೈಟ್ ಎಂಜಿನಿಯರ್ ಮೇಲೆ. ಅವರು ಓದಿದವರು. ಓದುತ್ತಿದ್ದ ನಾನೂ ಸುಮ್ಮನಿದ್ದೆ, ಅದು ಬೇರೆ ಮಾತು.

ಕಾಲೇಜೇನು ಕಡಿಮೆಯೇ? ತಪಾಸಣಾ ಸಮಿತಿ ಬರುವ ವಾರ ಕಪಾಟಿನ ಬೀಗ ತೆರೆದು ಹೊಸ ಪಿಎಚ್ ಮೀಟರುಗಳು ಹೊರಬರುತ್ತವೆ. ಸಮಿತಿಯ ಕಾರು ಗೇಟು ದಾಟಿದ ಮೇಲೆ ಮತ್ತೆ ಒಳಗೆ. ನಮ್ಮ ರೆಕಾರ್ಡು ಪುಸ್ತಕಗಳ ಕಥೆಯೂ ಇಷ್ಟೇ. ಸೀನಿಯರ್ ಕೊಟ್ಟ ರೆಕಾರ್ಡು ಪಕ್ಕದಲ್ಲಿಟ್ಟುಕೊಂಡು, ಅಂಕಿಗಳನ್ನು ಅಲ್ಲಿ ಇಲ್ಲಿ ಒಂದಿಷ್ಟು ಕದಲಿಸಿ ಬರೆಯುವುದು. ನಾಲ್ಕು ವರ್ಷದಿಂದ ಒಂದೇ ಕೆರೆಯ ನೀರು, ಮಳೆ ಬಂದರೂ ಬರದಿದ್ದರೂ, ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತಾ ಬಂದಿದೆ.

ಆದರೆ ಇಷ್ಟನ್ನೆಲ್ಲ ಯೋಚಿಸಿಯೂ ನಿದ್ದೆ ಬಾರದ್ದಕ್ಕೆ ಕಾರಣ ಬೇರೆ ಇತ್ತು. ನನ್ನ ಯಾವ ಫೋಟೊದಲ್ಲೂ ಹಲ್ಲು ಕಾಣುವುದಿಲ್ಲ. ಮುಂದಿನ ನಾಲ್ಕು ಹಲ್ಲುಗಳ ಮೇಲೆ ಕಂದು ಪಟ್ಟೆ ಇದೆ. ನಮ್ಮೂರಿನಲ್ಲಿ ಅದು ವಿಶೇಷವೇ ಅಲ್ಲ, ಬೆಂಚಿಗೆ ನಾಲ್ಕು ಜನ ಇರುತ್ತಿದ್ದೆವು. ಬೆಂಗಳೂರಿಗೆ ಬಂದ ಮೇಲೆಯೇ ಬಾಯಿಗೆ ಕೈ ಅಡ್ಡ ಇಟ್ಟು ನಗಲು ಕಲಿತದ್ದು. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ದೇಹಕ್ಕೆ ಹೋದ ಫ್ಲೋರೈಡ್ ಹೀಗೆ ಕಲೆಯಾಗಿ ಕೂರುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹೋಗದು ಎಂದು ಸರ್ ಪಾಠ ಮಾಡಿದ ದಿನ ನಾನು ತಲೆ ಎತ್ತದೆ ನೋಟ್ಸು ಬರೆದಿದ್ದೆ. ಹೋದ ತಿಂಗಳು ಸಂಬಂಧಕ್ಕೆ ಕಳಿಸಲು ಫೋಟೊ ತೆಗೆಸುವಾಗ ಅಮ್ಮ ಸ್ಟುಡಿಯೋದವನಿಗೆ ಕೇಳಿಸದ ಹಾಗೆ, "ತುಟಿ ಮುಚ್ಚಿಕೊಂಡೇ ನಗು" ಎಂದಿದ್ದಳು. ಅದೂ ಪರೀಕ್ಷೆಗೆ ಕಳಿಸಿದ ಮಾದರಿಯೇ ತಾನೇ.

ಮರುದಿನ ಬೆಳಿಗ್ಗೆಯೇ ಚಿಕ್ಕಪ್ಪನ ಮಗನಿಗೆ ಹೇಳಿದೆ. ಅವನು ಬುಧವಾರ ಬೆಂಗಳೂರಿಗೆ ಬರುವವನಿದ್ದ. ಅಮ್ಮನಿಗೆ ಹೇಳಬೇಡ, ಪಂಪು ಹಾಕಿ ಐದು ನಿಮಿಷ ಬಿಟ್ಟು ಹಿತ್ತಿಲ ನಲ್ಲಿಯಿಂದಲೇ ಹಿಡಿ ಎಂದೆ. ಮಧುಗಿರಿಯ ಮೇಲೆ ಬರುವ ಬಸ್ಸಿನಲ್ಲಿ, ಕಡಲೆಕಾಯಿ ಚೀಲದ ಜೊತೆ, ಮಾಸಿದ ಬಾಟಲಿಯಲ್ಲಿ ಬಂತು ನಮ್ಮ ಮನೆಯ ನೀರು.

ಶುಕ್ರವಾರ ಇನ್ನೊಂದು ಬ್ಯಾಚಿನ ಲ್ಯಾಬಿನಲ್ಲಿ ಮೂಲೆ ಹಿಡಿದು ನಿಂತೆ. ಗಡಸುತನ 540. ಆಮೇಲೆ ಫ್ಲೋರೈಡ್. ಈ ಪ್ರಯೋಗಕ್ಕೆ ಬಳಸುವ ದ್ರಾವಣ ಕೆಂಪಗಿರುತ್ತದೆ. ನೀರಿನಲ್ಲಿ ಫ್ಲೋರೈಡ್ ಇದ್ದಷ್ಟೂ ಆ ಕೆಂಪು ಮಾಸುತ್ತದೆ. ಎಷ್ಟು ಮಾಸಿತು ಎಂಬುದನ್ನು ಯಂತ್ರ 570 ನ್ಯಾನೋಮೀಟರಿನ ಬೆಳಕಿನಲ್ಲಿ ಓದುತ್ತದೆ. ಲೀಟರಿಗೆ ಸೊನ್ನೆಯಿಂದ 1.4 ಮಿಲಿಗ್ರಾಂವರೆಗೆ ಫ್ಲೋರೈಡ್ ಇರುವ ಮಾದರಿ ದ್ರಾವಣಗಳನ್ನು ಸಾಲಾಗಿ ನಿಲ್ಲಿಸಿದ್ದೆ. ನಮ್ಮ ನೀರು ಹಾಕಿದ ನಳಿಗೆ ಸಾಲಿನ ಕೊನೆಯದಕ್ಕಿಂತಲೂ ಪೇಲವವಾಗಿತ್ತು. ಗ್ರಾಫಿನಲ್ಲಿ ಗುರುತಿಸಲು ಜಾಗವೇ ಇಲ್ಲ. ಲ್ಯಾಬ್ ಸಹಾಯಕರು ಬಂದು ನೋಡಿ, ಅರ್ಧಕ್ಕರ್ಧ ಬಟ್ಟಿ ಇಳಿಸಿದ ನೀರು ಬೆರೆಸಿ ಮತ್ತೆ ನೋಡಲು ಹೇಳಿದರು. 1.1 ಬಂತು. ಎರಡರಿಂದ ಗುಣಿಸಿದರೆ 2.2.

ಕುಡಿಯುವ ನೀರಿಗೆ ನಮ್ಮಲ್ಲಿರುವುದು ಐಎಸ್ 10500 ಎಂಬ ಮಾನಕ. ಅದರ ಕೋಷ್ಟಕದಲ್ಲಿ ಎರಡು ಮಿತಿ ಇವೆ. ಒಂದು, ಇಷ್ಟಿರಲಿ ಎನ್ನುವುದು. ಇನ್ನೊಂದು, ಬೇರೆ ಮೂಲವೇ ಇಲ್ಲದಿದ್ದರೆ ಇಷ್ಟರವರೆಗೆ ಆಗಲಿ ಎನ್ನುವುದು. ಗಡಸುತನಕ್ಕೆ 200 ಮತ್ತು 600. ಫ್ಲೋರೈಡಿಗೆ 1 ಮತ್ತು 1.5. ಬೇರೆ ಮೂಲ ಇಲ್ಲದವರೆಂದರೆ ಯಾರು ಎಂದು ನಾನು ಓದುವಾಗ ಯೋಚಿಸಿರಲಿಲ್ಲ. ಕೋಷ್ಟಕದ ಆ ಎರಡನೆಯ ಅಂಕಣದಲ್ಲಿ ನಮ್ಮಮ್ಮ ಕುಳಿತಿದ್ದಾಳೆ, ಅದನ್ನೂ ಮೀರಿ.

ನಿನ್ನೆ ಫೋನು ಮಾಡಿದೆ. ಕದ್ದು ನೀರು ತರಿಸಿದ ವಿಷಯ ಅವಳಿಗೆ ಆಗಲೇ ಗೊತ್ತಾಗಿತ್ತು. ಚಿಕ್ಕಪ್ಪನ ಮಗನ ಹೊಟ್ಟೆಯಲ್ಲಿ ಮಾತು ನಿಂತರಲ್ಲವೇ?

"ಪಾಸೋ ಫೇಲೋ, ಅಷ್ಟು ಹೇಳು."

"ಫೇಲು ಅಮ್ಮ. ನೀನು ಅದನ್ನು ಕುಡಿಯಬೇಡ."

"ಕುದಿಸಿ ಕುಡಿದರೆ?"

"ಕುದಿಸಿದರೆ ನೀರು ಕಡಿಮೆಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ. ಇನ್ನೂ ಗಟ್ಟಿಯಾಗುತ್ತದೆ. ನೀನೂ ಫಿಲ್ಟರ್ ನೀರನ್ನೇ ಕುಡಿ."

"ದಿನಾ ಎರಡು ಕ್ಯಾನು ಯಾರು ಹೊರುತ್ತಾರೆ? ನನ್ನ ಮೊಣಕಾಲು ನಿನಗೆ ಗೊತ್ತಲ್ಲ."

ಮೊಣಕಾಲು ನೋವಿಗೆ ನೂರು ಕಾರಣ ಇರಬಹುದು, ನಾನು ಡಾಕ್ಟರಲ್ಲ. ಆದರೂ ಆ ಮಾತಿಗೆ ನನ್ನ ಬಾಯಿ ಕಟ್ಟಿತು. ಪಟಿಕ ಮತ್ತು ಸುಣ್ಣ ಬೆರೆಸಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನವನ್ನು ಚಿತ್ರ ಸಮೇತ ನಾನು ಬರೆಯಬಲ್ಲೆ. ಅಣ್ಣನಿಗೆ ಫೋನು ಮಾಡಿ ಬೈಕಿನಲ್ಲಿ ಒಂದು ಕ್ಯಾನು ಹೆಚ್ಚು ತರುತ್ತೀಯಾ ಎಂದು ಕೇಳುವ ಧೈರ್ಯ ಮಾಡಲು ಇಡೀ ರಾತ್ರಿ ಬೇಕಾಯಿತು. ಅವನು ತರುತ್ತೇನೆ ಎಂದಿದ್ದಾನೆ. ನೋಡಬೇಕು.

ಫೋನು ಇಡುವ ಮುಂಚೆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನನ್ನು ಸಮಾಧಾನ ಮಾಡುವವಳ ಹಾಗೆ ಹೇಳಿದಳು:

"ಮೊದಲು ಕಳಿಸಿದ್ದು ಪಾಸಾಗಿತ್ತಲ್ಲ, ನೀನು ಅದನ್ನೇ ಬರೆದುಕೋ."

ನನ್ನ ಬ್ಯಾಚಿನವಳೂ ಇವತ್ತು ಅದನ್ನೇ ಹೇಳಿದಳು. ರೆಕಾರ್ಡಿನಲ್ಲಿ ಎರಡನ್ನೂ ಬರೆದಿಟ್ಟಿದ್ದೇನೆ, ಯಾವುದು ಯಾವ ನೀರು ಎಂಬುದರ ಸಮೇತ. ಸರ್ ಸಹಿ ಇನ್ನೂ ಆಗಿಲ್ಲ.