ಕೊಲ್ಲದೆ ಗೆಲ್ಲುವ ರಾಬಿನ್ ಹುಡ್

ಜರ್ಮನಿಯ ಸ್ಪೆಲ್‌ಬೌಂಡ್ ಸಂಸ್ಥೆ 2002ರಲ್ಲಿ ರೂಪಿಸಿದ ‘ರಾಬಿನ್ ಹುಡ್: ದ ಲೆಜೆಂಡ್ ಆಫ್ ಶೆರ್ವುಡ್’ ಕಂಪ್ಯೂಟರ್ ಆಟದಲ್ಲಿ ನನಗೆ ಇಂದಿಗೂ ಹಿಡಿಸುವುದು ಅದರ ಸಂಯಮ. ಕಾವಲುಗಾರರನ್ನು ಕೊಲ್ಲದೆ, ಗುದ್ದಿ ಮೂರ್ಛೆಗೊಳಿಸಿ ಕಟ್ಟಿಹಾಕಿದಷ್ಟೂ ಹೆಚ್ಚು ಜನ ಶೆರ್ವುಡ್ ಕಾಡಿಗೆ ಬಂದು ರಾಬಿನ್‌ನ ತಂಡವನ್ನು ಸೇರುತ್ತಾರೆ. ಕಾರ್ಯಾಚರಣೆಗೆ ಹೋಗದೆ ಉಳಿದವರು ಅಲ್ಲಿಯೇ ಬಾಣಗಳನ್ನು ತಯಾರಿಸುತ್ತ, ಬಿಲ್ವಿದ್ಯೆ, ಕತ್ತಿವರಸೆಗಳನ್ನು ಅಭ್ಯಾಸ ಮಾಡುತ್ತಿರುತ್ತಾರೆ. ನಾಣ್ಯದ ಚೀಲವೊಂದನ್ನು ಎಸೆದರೆ ಸಿಪಾಯಿಗಳು ತಮ್ಮತಮ್ಮಲ್ಲೇ ಹೊಡೆದಾಡಿಕೊಳ್ಳುವ ಉಪಾಯವಂತೂ ನೋಡಲು ಬಲು ಸೊಗಸು. ಆದರೆ ಆ ಹಣ ಪೋಲು ಮಾಡುವಂಥದ್ದಲ್ಲ, ಏಕೆಂದರೆ ರಿಚರ್ಡ್ ದೊರೆಯ ಬಿಡುಗಡೆಗೆ 1,00,000 ಪೌಂಡ್ ಕೂಡಿಸಬೇಕು. ಧರ್ಮಯುದ್ಧದಿಂದ ಮರಳುವಾಗ 1192ರಲ್ಲಿ ಸೆರೆಸಿಕ್ಕ ಈ ದೊರೆಗಾಗಿ ಇಂಗ್ಲೆಂಡ್ ನಿಜಕ್ಕೂ ಭಾರಿ ಒತ್ತೆಹಣ ತೆತ್ತಿತ್ತು. ಮೌಸ್‌ನಿಂದ ಗೆರೆ ಎಳೆದು ಕತ್ತಿ ಬೀಸುವ ಕ್ರಮ ಮಾತ್ರ ಕೈಗೆ ಹತ್ತಲು ತುಸು ಸಮಯ ಬೇಡುತ್ತದೆ.